ಒಂದೆಲಗಕ್ಕೆ ಕವಾಟ ರಿಪೇರಿ ಗೊತ್ತಿಲ್ಲ ಸ್ವಾಮಿ

"ಸಂಶೋಧನೆಯಿಂದ ಸಾಬೀತಾಗಿದೆ" ಅನ್ನೋ ಮಾತು ಕೇಳಿದ್ರೆ ಇತ್ತೀಚೆಗೆ ನನಗೆ ಮೈ ಉರಿಯುತ್ತೆ. ಸಂಶೋಧನೆ ಮೇಲೆ ಸಿಟ್ಟಿಲ್ಲ, ಅದನ್ನ ಓದದೇ ಹೀಗೆ ಬರೀತಾರಲ್ಲ, ಅವರ ಮೇಲೆ.

ವಿಷಯಕ್ಕೆ ಬರ್ತೀನಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಫೋನಿಂದ ಫೋನಿಗೆ ಒಂದು ಜಾಹೀರಾತು ಓಡಾಡ್ತಾ ಇದೆ. ಕಾಲಿನ ನರ ಉಬ್ಬಿದ್ರೆ ಆಪರೇಷನ್ ಬೇಡ, ಕಾಕನಕೋಟೆ ಕಾಡಿನ ಮೂಲಿಕೆಯಿಂದ ಮಾಡಿದ ಎಣ್ಣೆ ಹಚ್ಚಿ, ಮೂರು ತಿಂಗಳಲ್ಲಿ ಗಂಟು ಮಾಯ ಅನ್ನೋದು ಅದರ ಸಾರಾಂಶ. ಕೆಳಗೆ ಒಂದು ಇಂಗ್ಲಿಷ್ ವೈದ್ಯಕೀಯ ಪ್ರಬಂಧದ ಕೊಂಡಿ. ಆ ಕೊಂಡಿ ನೋಡಿದ ತಕ್ಷಣ ಓದುಬರಹ ಬಲ್ಲವರೂ ತಲೆಬಾಗ್ತಾರೆ. ನನ್ನ ಪರಿಚಯದ ಇಬ್ಬರು ಬ್ಲಾಗಿಗರೇ ಅದನ್ನ "ನಮ್ಮ ನೆಲದ ಜ್ಞಾನಕ್ಕೆ ಪಾಶ್ಚಾತ್ಯರ ಮುದ್ರೆ" ಅಂತ ಸಂಭ್ರಮಿಸಿ ಬರೆದಿದ್ದಾರೆ. ಅವರ ಮೇಲೆ ನನಗೆ ಗೌರವ ಇದೆ, ಅದಕ್ಕೇ ಈ ಜಗಳ.

ನಾನು ಆ ಪ್ರಬಂಧ ತೆರೆದು ಓದಿದೆ. 1990ರದು, ಇಟಲಿಯವರು ಮಾಡಿದ್ದು. ಒಂದೆಲಗದ ಸಾರವನ್ನ ವೇರಿಕೋಸ್ ವೇನ್ ಇರೋ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಹೌದು ಕಣ್ರೀ, ನಮ್ಮ ಕೆ.ಆರ್. ನಗರದ ನಾಲೆ ಬಯಲಲ್ಲಿ, ಗದ್ದೆ ಬದುವಿನ ತೇವದಲ್ಲಿ ಹಬ್ಬಿರುತ್ತಲ್ಲ, ತಂಬುಳಿ ಮಾಡ್ತಾರಲ್ಲ, ಅದೇ ಒಂದೆಲಗ. ರೋಗಿಗಳ ರಕ್ತದಲ್ಲಿ ಕೆಲವು ಕಿಣ್ವಗಳ ಪ್ರಮಾಣ ಮೊದಲು ಜಾಸ್ತಿ ಇತ್ತು, ಸಾರ ಕೊಟ್ಟ ಮೇಲೆ ಇಳೀತು. ಪ್ರಬಂಧ ಹೇಳೋದು ಇಷ್ಟೇ, ಮತ್ತು ಇಷ್ಟು ಒಳ್ಳೆಯ ವಿಷಯವೇ. ಆದ್ರೆ ಅವರು ಕೊಟ್ಟಿದ್ದು ಶುದ್ಧೀಕರಿಸಿದ, ಅಳತೆ ಮಾಡಿದ ಸಾರ. ಇವರು ಮಾರ್ತಿರೋದು ಹಚ್ಚೋ ಎಣ್ಣೆ. ಅವರು ಅಳೆದಿದ್ದು ಸೀರಮ್ಮಿನ ಕಿಣ್ವ. ಇವರು ಮಾತು ಕೊಡ್ತಿರೋದು ಗಂಟು ಮಾಯ. ಎರಡಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಹೇಳೋದಕ್ಕೆ ಮೊದಲು ಆ "ನರ"ದ ಕಥೆ ಹೇಳಬೇಕು.

ಮೊದಲನೇದಾಗಿ ಅದು ನರ ಅಲ್ಲ. ನಮ್ಮ ಕಡೆ ಕಾಲಲ್ಲಿ ನೀಲಿಯಾಗಿ ಉಬ್ಬಿ ಹಾವಿನ ಥರ ಸುತ್ತಿಕೊಂಡಿದ್ದನ್ನೆಲ್ಲ ನರ ಅಂತೀವಿ. ನರ ಅಂದ್ರೆ ಸಂದೇಶ ಸಾಗಿಸೋ ತಂತಿ. ಇದು ರಕ್ತನಾಳ, ಅದರಲ್ಲೂ ಅಭಿಧಮನಿ, ಅಂದ್ರೆ ಕೊಳೆ ರಕ್ತವನ್ನ ವಾಪಸ್ ಹೃದಯಕ್ಕೆ ಏರಿಸೋ ಕೊಳವೆ. ಹೆಸರು ತಪ್ಪಾದ್ರೆ ಏನಂತೆ ಅನ್ನಬೇಡಿ. "ನರ ದೌರ್ಬಲ್ಯ" ಅಂದುಕೊಂಡು ನರಕ್ಕೆ ಶಕ್ತಿ ಬರೋ ಟಾನಿಕ್ ಕುಡಿಯೋರು ನಮ್ಮೂರಲ್ಲಿ ಎಷ್ಟು ಜನ ಬೇಕು!

ಈ ಅಭಿಧಮನಿಯ ಒಳಗೆ ಅಲ್ಲಲ್ಲಿ ಕವಾಟಗಳಿವೆ. ಬಾವಿ ಪಂಪಿನ ಫುಟ್‌ವಾಲ್ವ್ ಗೊತ್ತಲ್ಲ, ಮೇಲೆ ಹೋದ ನೀರು ಕೆಳಕ್ಕೆ ಬೀಳದ ಹಾಗೆ ತಡೆಯೋದು, ಅದೇ ಕೆಲಸ. ಪಂಪು ಯಾವುದು? ಮೀನಖಂಡ. ನಡೆದಾಗ ಆ ಸ್ನಾಯು ಹಿಂಡಿ ರಕ್ತವನ್ನ ಮೇಲೆ ತಳ್ಳುತ್ತೆ. ಅಲ್ಲಾಡದೆ ನಿಂತ ಮನುಷ್ಯನ ಪಾದದ ಗಂಟಿನ ಹತ್ತಿರ ಅಭಿಧಮನಿಯ ಒತ್ತಡ 80-90 ಮಿಲಿಮೀಟರ್ ಪಾದರಸದಷ್ಟಿರುತ್ತೆ. ಕವಾಟ ನೆಟ್ಟಗಿರೋರು ನಡೆಯೋಕೆ ಶುರು ಮಾಡಿದ್ರೆ 30ರ ಆಸುಪಾಸಿಗೆ ಇಳಿಯುತ್ತೆ. ಕವಾಟ ಕೆಟ್ಟವರಿಗೆ ನಡೆದ್ರೂ ಅಷ್ಟು ಇಳಿಯಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕಿನ ಕೆಲಸ ನೆನಪಿಸಿಕೊಳ್ಳಿ. ಹೊಗೆಸೊಪ್ಪು ಬಂತು ಅಂದ್ರೆ ಕಡ್ಡಿಗೆ ಸೊಪ್ಪು ಕಟ್ಟೋದು, ಬ್ಯಾರನ್ನಿಗೆ ಏರಿಸೋದು, ಇಳಿಸೋದು, ಆಮೇಲೆ ಗ್ರೇಡಿಂಗು, ಬೇಲು. ಕಟ್ಟೆಮಳಲವಾಡಿ, ಕಂಪಲಾಪುರ, ಚಿಲ್ಕುಂದದ ಹರಾಜು ಮಾರುಕಟ್ಟೆಗೆ ಹೋಗೋ ಆ ಹಳದಿ ಎಲೆಯ ಹಿಂದೆ ಗಂಟೆಗಟ್ಟಲೆ ನಿಂತ, ಇಲ್ಲಾ ಕುಕ್ಕರಗಾಲಲ್ಲಿ ಕೂತ ಹೆಂಗಸರ ಕಾಲುಗಳಿವೆ. ನಾಲ್ಕೈದು ಹೆರಿಗೆ ಆದವರು ಬೇರೆ. ಜೊತೆಗೆ ಬಸ್ ಕಂಡಕ್ಟರು, ಹೋಟ್ಲು ಅಡುಗೆಯವರು, ಮೇಷ್ಟ್ರು, ಪೊಲೀಸು. (ನಾವು ಕೀಬೋರ್ಡ್ ಕುಟ್ಟೋರೂ ಏನೂ ಬಚಾವಲ್ಲ ಬಿಡಿ.)

ಇನ್ನು ರಸಾಯನ. ಇದು ನನಗೆ ಬಹಳ ಹಿಡಿಸಿದ ಭಾಗ, ಸ್ವಲ್ಪ ಸೈರಣೆ ಇಟ್ಟುಕೊಂಡು ಓದಿ.

ಒತ್ತಡ ಜಾಸ್ತಿಯಾಗಿ ರಕ್ತ ನಿಂತಾಗ ನಾಳದ ಒಳಪದರದ ಕೋಶಗಳಿಗೆ ಆಮ್ಲಜನಕ ಕಡಿಮೆಯಾಗುತ್ತೆ, ಎಳೆತವೂ ಆಗುತ್ತೆ. ಅವು ಗಾಬರಿಯಾಗಿ ಬಿಳಿ ರಕ್ತಕಣಗಳನ್ನ ಕರೀತವೆ. ಬಿಳಿ ಕಣಗಳು ಗೋಡೆಗೆ ಅಂಟಿಕೊಂಡು ಒಳಗೆ ನುಗ್ಗಿ ಕಿಣ್ವಗಳನ್ನ ಸುರೀತವೆ. ಎಲಾಸ್ಟೇಸ್ ಎಲಾಸ್ಟಿನ್ನನ್ನ ಕತ್ತರಿಸುತ್ತೆ, ಹಯಲುರಾನಿಡೇಸ್ ನಾರುಗಳ ನಡುವಿನ ಲೋಳೆಯಂಥ ತುಂಬುವಸ್ತುವನ್ನ ಕರಗಿಸುತ್ತೆ, ಮೆಟಲೊಪ್ರೋಟಿನೇಸ್ ಅನ್ನೋ ಗುಂಪು ಕಾಲಜನ್ ಮೇಲೆ ಬೀಳುತ್ತೆ. ಆಪರೇಷನ್ನಲ್ಲಿ ತೆಗೆದ ನಾಳಗಳನ್ನ ಪರೀಕ್ಷಿಸಿದಾಗ ಹಲವು ಅಧ್ಯಯನಗಳಲ್ಲಿ ಕಂಡಿದ್ದೇನು ಅಂದ್ರೆ, ಗೋಡೆಗೆ ಬಳುಕು ಕೊಡೋ ಮೂರನೇ ಬಗೆಯ ಕಾಲಜನ್ ಕಡಿಮೆ, ಬಿರುಸಾದ ಒಂದನೇ ಬಗೆಯದ್ದು ಹೆಚ್ಚು. ಹಳೇ ಸೈಕಲ್ ಟ್ಯೂಬಿನ ಹಾಗೆ ಗೋಡೆ ಸಡಿಲ. ನಾಳ ಅಗಲವಾದಂತೆ ಕವಾಟದ ಎರಡು ರೆಕ್ಕೆಗಳು ಒಂದನ್ನೊಂದು ಮುಟ್ಟಲ್ಲ, ರಕ್ತ ಹಿಂದಕ್ಕೆ ಬೀಳುತ್ತೆ, ಒತ್ತಡ ಇನ್ನೂ ಏರುತ್ತೆ, ಕಿಣ್ವ ಇನ್ನೂ ಸುರಿಯುತ್ತೆ. ಗೋಡೆ ಮೊದಲು ಕೆಟ್ಟಿತೋ ಕವಾಟ ಮೊದಲು ಕೆಟ್ಟಿತೋ ಅಂತ ಪಂಡಿತರ ನಡುವೆ ಇನ್ನೂ ಚರ್ಚೆ ಇದೆ. ಕೆಂಪು ರಕ್ತಕಣ ಹೊರಗೆ ಸೋರಿ, ಒಡೆದು, ಅದರ ಕಬ್ಬಿಣ ಚರ್ಮದಡಿ ಉಳಿಯುತ್ತೆ. ಕಾಲಿನ ಗಂಟಿನ ಮೇಲೆ ಕಂದು ಬಣ್ಣ ಬರುತ್ತಲ್ಲ, ಅದೇ. ಆಮೇಲೆ ಒಂದು ದಿನ ಸಣ್ಣ ಗೀರು, ಅದು ವಾಸಿಯಾಗಲ್ಲ, ಹುಣ್ಣು.

ಗಿಡದ ರಾಸಾಯನಿಕಗಳು ಕೈ ಹಾಕೋದು ಈ ಚಕ್ರದಲ್ಲಿ. ಯೂರೋಪಿನ ಕುದುರೆ ಚೆಸ್ಟ್‌ನಟ್ ಮರದ ಬೀಜದಲ್ಲಿ ಈಸಿನ್ ಅಂತ ಒಂದು ಸಪೋನಿನ್ ಇದೆ. ಸಪೋನಿನ್ ಅಂದ್ರೆ ನೀರಲ್ಲಿ ನೊರೆ ಬರಿಸೋ ವಸ್ತು, ನಮ್ಮ ಅಂಟುವಾಳದಲ್ಲಿರೋ ಜಾತಿಯದು. ಹೇಳಬೇಕಂದ್ರೆ ಈಗಿನ ಸಸ್ಯಶಾಸ್ತ್ರದ ಪ್ರಕಾರ ಆ ಮರ ಅಂಟುವಾಳದ ಕುಟುಂಬಕ್ಕೇ ಸೇರಿದ್ದು. (ಇದನ್ನ ಓದಿ ನಾಳೆ ಯಾರಾದ್ರೂ ಅಂಟುವಾಳದ ನೊರೆ ಕುಡಿಯೋಕೆ ಹೇಳಿದ್ರೆ ಪಾಪ ನನ್ನ ತಲೆಗೆ ಬೇಡ. ಕುಟುಂಬ ಒಂದೇ ಆದ್ರೆ ಅಣು ಒಂದೇ ಅಲ್ಲ.) ಈ ಈಸಿನ್ ಪ್ರಯೋಗನಾಳದಲ್ಲಿ ಹಯಲುರಾನಿಡೇಸನ್ನ ತಡೆಯುತ್ತೆ. 1990ರ ದಶಕದಲ್ಲಿ ಬೆಲ್ಜಿಯಂನವರು ಹೊಕ್ಕುಳಬಳ್ಳಿಯ ಅಭಿಧಮನಿಯ ಕೋಶಗಳಿಗೆ ಆಮ್ಲಜನಕ ಕಡಿಮೆ ಮಾಡಿ ನೋಡಿದಾಗ, ಈಸಿನ್ ಇದ್ದರೆ ಬಿಳಿ ಕಣಗಳು ಅಂಟೋದು ಕಡಿಮೆಯಾಯ್ತು. ಕತ್ತರಿಸಿ ತೆಗೆದ ಕಾಲಿನ ನಾಳದ ತುಂಡಿಗೆ ಸೋಕಿಸಿದ್ರೆ ತುಂಡು ಕುಗ್ಗುತ್ತೆ. ಒಂದೆಲಗದಲ್ಲಿ ಏಷಿಯಾಟಿಕ್ ಆಮ್ಲ, ಏಷಿಯಾಟಿಕೊಸೈಡ್ ಇವೆ. ಇವು ಚರ್ಮದ ಕೋಶಗಳಲ್ಲಿ ಕಾಲಜನ್ ತಯಾರಿಕೆಯನ್ನ ಹೆಚ್ಚಿಸುತ್ತವೆ ಅನ್ನೋದು ಕೃಷಿಕೆ ಪಾತ್ರೆಯಲ್ಲಿ ಗೊತ್ತಾಗಿದೆ. ಮೇಲೆ ಹೇಳಿದ ಇಟಲಿಯ ಕೆಲಸವೂ ಇದೇ ದಾರಿಯದು, ತುಂಬುವಸ್ತುವನ್ನ ಕಡಿಯೋ ಲೈಸೊಸೋಮ್ ಕಿಣ್ವಗಳು ಇಳಿದವು ಅಂತ.

ಬರೀ ಪಾತ್ರೆಯಲ್ಲಿ ಅಲ್ಲ, ಮನುಷ್ಯರಲ್ಲೂ ಸ್ವಲ್ಪ ಫಲ ಇದೆ. 1987ರಲ್ಲಿ 94 ರೋಗಿಗಳ ಮೇಲೆ ಒಂದೆಲಗದ ಸಾರವನ್ನ ಡಮ್ಮಿ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಕಾಲು ಭಾರ, ಊತ ಕಡಿಮೆಯಾಗಿತ್ತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜರ್ಮನಿಯ ಪ್ರಯೋಗದಲ್ಲಿ 240 ಜನ. 12 ವಾರ ಚೆಸ್ಟ್‌ನಟ್ ಸಾರ ತಗೊಂಡವರ ಕಾಲಿನ ಗಾತ್ರ ಸರಾಸರಿ 43.8 ಮಿಲಿಲೀಟರ್ ಇಳೀತು, ಬಿಗಿ ಕಾಲುಚೀಲ ಹಾಕಿದವರದ್ದು 46.7 ಇಳೀತು, ಡಮ್ಮಿಯವರದ್ದು 9.8 ಏರಿತು. ಕಾಕ್ರೇನ್ ಸಂಸ್ಥೆ 2012ರಲ್ಲಿ ಇಂಥ 17 ಪ್ರಯೋಗ ಒಟ್ಟು ಹಾಕಿ ನೋಡಿ, ಅಲ್ಪಾವಧಿಗೆ ನೋವು ಮತ್ತು ಊತಕ್ಕೆ ಇದು ಕೆಲಸ ಮಾಡುತ್ತೆ ಅಂತಲೇ ಹೇಳಿತು.

ಹಾಗಾಗಿ "ಸೊಪ್ಪುಸದೆ ಎಲ್ಲ ಮೂಢನಂಬಿಕೆ" ಅಂತ ಮೂಗು ಮುರಿಯೋ ಇನ್ನೊಂದು ಬಣದ ಗೆಳೆಯರೇ, ನೀವೂ ಸ್ವಲ್ಪ ತಡೀರಿ. ಮೈಸೂರಿನ ಯಾವುದೇ ಔಷಧಿ ಅಂಗಡಿಯಲ್ಲಿ ಈ ಕಾಯಿಲೆಗೆ ಸಿಗೋ "ಇಂಗ್ಲಿಷ್ ಮಾತ್ರೆ" ಯಾವುದು ಅಂದುಕೊಂಡಿದ್ದೀರಿ? ಡಯೋಸ್ಮಿನ್, ಹೆಸ್ಪೆರಿಡಿನ್. ಹೆಸ್ಪೆರಿಡಿನ್ ಅನ್ನೋದನ್ನ 1828ರಲ್ಲೇ ಕಿತ್ತಳೆ ಸಿಪ್ಪೆಯಿಂದ ತೆಗೆದಿದ್ದರು. ಡಯೋಸ್ಮಿನ್ನನ್ನೂ ಅದರಿಂದಲೇ ತಯಾರಿಸ್ತಾರೆ. ಪಿರಿಯಾಪಟ್ಟಣ ದಾಟಿ ಕೊಡಗಿನ ಗಡಿಗೆ ಹೋದ್ರೆ ಬುಟ್ಟಿಯಲ್ಲಿಟ್ಟು ಮಾರ್ತಾರಲ್ಲ ಕಿತ್ತಳೆ, ಅದರ ಸಿಪ್ಪೆಯಲ್ಲಿರೋ ವಸ್ತು. ಬಿಳಿ ಕೋಟು ಹಾಕಿಕೊಂಡು ಬಂದ ತಕ್ಷಣ ಗಿಡ ವಿಜ್ಞಾನ ಆಗೋದು, ಬುಟ್ಟಿಯಲ್ಲಿ ಬಂದ್ರೆ ಮೂಢನಂಬಿಕೆ ಆಗೋದು ಎಂಥ ನ್ಯಾಯ? ಈ ಮಾತ್ರೆಗಳ ಗುಂಪಿನ ಬಗ್ಗೆ 2020ರ ಕಾಕ್ರೇನ್ ವಿಮರ್ಶೆ 69 ಪ್ರಯೋಗಗಳನ್ನ ಹಿಡಿದು ಹೇಳಿದ್ದು ಏನು? ಊತ ಸ್ವಲ್ಪ ಕಡಿಮೆಯಾಗಬಹುದು, ಜೀವನದ ಗುಣಮಟ್ಟದಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ. ಅಂದ್ರೆ ಎರಡು ಬಣವೂ ಮಾರ್ತಿರೋದು ಹೆಚ್ಚುಕಡಿಮೆ ಒಂದೇ ಸರಕು, ಬಾಟ್ಲು ಬೇರೆ.

ಈಗ ನನ್ನ ಅಸಲಿ ತಕರಾರು. ಎಲ್ಲಾ ಗಿಡದ ಅಣುಗಳೂ, ಅತ್ಯುತ್ತಮ ಫಲ ಕೊಟ್ಟಾಗಲೂ, ಮಾಡೋದು ಕಿಣ್ವದ ಗಲಾಟೆ ಕಡಿಮೆ ಮಾಡೋ ಕೆಲಸ. ಒಮ್ಮೆ ಬಾಯಿ ಬಿಟ್ಟ ಕವಾಟವನ್ನ ಮತ್ತೆ ಮುಚ್ಚಿಸಿದ ಗಿಡ ಇನ್ನೂ ಸಿಕ್ಕಿಲ್ಲ, ಹಿಗ್ಗಿ ಸುತ್ತಿಕೊಂಡ ನಾಳವನ್ನ ನೆಟ್ಟಗೆ ಮಾಡಿದ್ದೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳ್ತೀನಿ: ಸರ್ವರಿನ ಲಾಗ್ ಫೈಲಿನಲ್ಲಿ ಎರರ್ ಸಂದೇಶ ನಿಮಿಷಕ್ಕೆ ನೂರರಿಂದ ನಲವತ್ತಕ್ಕೆ ಇಳಿದ್ರೆ ಮ್ಯಾನೇಜರಿಗೆ ಖುಷಿ, ಆದ್ರೆ ಬಗ್ ಅಲ್ಲೇ ಇದೆ. ಸೀರಮ್ಮಿನ ಕಿಣ್ವ ಅಂದ್ರೆ ಲಾಗು. ಕವಾಟ ಅಂದ್ರೆ ಕೋಡು. ಅದೂ ಅಳೆದದ್ದು ರಕ್ತದಲ್ಲಿ, ಕಾಯಿಲೆ ಬಿದ್ದ ನಾಳದ ಗೋಡೆಯಲ್ಲಲ್ಲ! ಹೊಕ್ಕುಳಬಳ್ಳಿ ಅಂತೂ ಆಗ ತಾನೇ ಹುಟ್ಟಿದ ಮಗುವಿನದು, ಅದು ಇಪ್ಪತ್ತು ವರ್ಷ ಬ್ಯಾರನ್ ಮುಂದೆ ನಿಂತ ಕಾಲಲ್ಲ.

ಇದನ್ನ ಇಷ್ಟು ಬಿಸಿಯಾಗಿ ಬರೆಯೋಕೆ ಕಾರಣ ನಮ್ಮ ಚಿಕ್ಕಮ್ಮ. ಹುಣಸೂರು ತಾಲ್ಲೂಕಿನ ಹಳ್ಳಿ, ಮನೆಯದೇ ಒಂದು ಬ್ಯಾರನ್. ಎಡಗಾಲಿನ ಗಂಟಿನ ಒಳಮಗ್ಗುಲಲ್ಲಿ ಕಪ್ಪಾಗಿ, ಕೆರೆದು, ಒಂದು ರೂಪಾಯಿ ಅಗಲದ ಹುಣ್ಣಾಗಿತ್ತು. ಕೇಳಿದ್ರೆ "ಏನಿಲ್ಲ ಕಣಪ್ಪ, ನರ ಗಂಟ್ ಹಾಕ್ಕಂಡದೆ, ಎಣ್ಣೆ ತರಿಸಿವ್ನಿ, ಓಯ್ತದೆ" ಅಂದ್ರು. ಎಣ್ಣೆ ಹಚ್ಚಿ ತಿಕ್ಕಿ, ಮೇಲೆ ಸೊಪ್ಪು ಅರೆದು ಕಟ್ಟಿ ಆರು ತಿಂಗಳು. ಹುಣ್ಣು ಅಂಗೈ ಅಗಲ ಆಯ್ತು, ಸುತ್ತಲ ಚರ್ಮ ಗುಳ್ಳೆ ಎದ್ದು ಸೋರೋಕೆ ಶುರುವಾಯ್ತು. ಇಂಥ ಕಾಲಿನ ಚರ್ಮಕ್ಕೆ ಹಚ್ಚಿದ್ದೆಲ್ಲ ಅಲರ್ಜಿ ಆಗೋ ಸ್ವಭಾವ ಇದೆ ಅನ್ನೋದು ಚರ್ಮರೋಗ ತಜ್ಞರಿಗೆ ಹಳೇ ವಿಷಯ. ಅದಕ್ಕೆ ಮೊದಲು ಪಟ್ಟಣದ ಒಬ್ಬ ಡಾಕ್ಟರು ಕಾಲನ್ನ ಬಗ್ಗಿ ಸಹ ನೋಡದೆ ಅದೇ ಕಿತ್ತಳೆ ಸಿಪ್ಪೆ ಮಾತ್ರೆ ನಾಲ್ಕು ತಿಂಗಳಿಗೆ ಬರೆದಿದ್ದರಂತೆ, ಸ್ಕ್ಯಾನ್ ಮಾತೇ ಇಲ್ಲ. ಲೆಕ್ಕ ಹಾಕಿ: ಹತ್ತು ತಿಂಗಳು, ಎರಡೂ ಬಣದ ಕೊಡುಗೆ. ಕೊನೆಗೆ ಕಾಲಿಗೆ ಜೆಲ್ ಹಚ್ಚಿ ಡಾಪ್ಲರ್ ಸ್ಕ್ಯಾನ್ ಮಾಡಿದ್ದು ಅರ್ಧ ಗಂಟೆಯ ಕೆಲಸ. ತೊಡೆಸಂದಿಯ ಕವಾಟ ಪೂರ್ತಿ ಸೋರ್ತಿತ್ತು. ಯಾವ ಎಣ್ಣೆ ಅಲ್ಲಿಗೆ ಹೋಗಿ ತಲುಪಬೇಕಿತ್ತೋ!

ಹುಣ್ಣಿಗೆ ಏನು ಕೆಲಸ ಮಾಡುತ್ತೆ ಅನ್ನೋದು ರಹಸ್ಯ ಏನಲ್ಲ. ಪದರ ಪದರವಾಗಿ ಬಿಗಿಯಾಗಿ ಸುತ್ತೋ ಬ್ಯಾಂಡೇಜು, ಮತ್ತು ಸೋರೋ ನಾಳವನ್ನ ಮುಚ್ಚೋದು. 2004ರಲ್ಲಿ ಬ್ರಿಟನ್ನಿನ ಎಶ್ಚಾರ್ ಪ್ರಯೋಗದಲ್ಲಿ ಬರೀ ಬ್ಯಾಂಡೇಜು ಸುತ್ತಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ಹುಣ್ಣು ಮರುಕಳಿಸಿದ್ದು ಶೇಕಡಾ 28, ಜೊತೆಗೆ ಆಪರೇಷನ್ನೂ ಆದವರಲ್ಲಿ ಶೇಕಡಾ 12. 2018ರ ಎವ್ರಾ ಪ್ರಯೋಗದಲ್ಲಿ 450 ಜನ. ತಡಮಾಡದೆ ನಾಳದೊಳಗಿಂದಲೇ ಸುಟ್ಟೋ ಅಂಟಿಸಿಯೋ ಮುಚ್ಚಿದವರ ಹುಣ್ಣು ವಾಸಿಯಾಗೋಕೆ ಹಿಡಿದ ಮಧ್ಯಮ ಅವಧಿ 56 ದಿನ, ತಡ ಮಾಡಿದವರಿಗೆ 82 ದಿನ. ಗಮನಿಸಿ, ಇಲ್ಲಿ ತಡ ಅನ್ನೋದಕ್ಕೇ ಬೆಲೆ ಇದೆ. ಎಣ್ಣೆ ಬಾಟ್ಲು ಕದಿಯೋದು ಅದನ್ನೇ. ದುಡ್ಡು ಹೋದ್ರೆ ಹೋಗಲಿ ಬಿಡಿ ಅತ್ಲಾಗೆ, ದಿನ ವಾಪಸ್ ಬರಲ್ಲ.

ಇನ್ನು "ಕಾಕನಕೋಟೆ ಕಾಡಿನ ಮೂಲಿಕೆ" ಅನ್ನೋ ಲೇಬಲ್ಲು. ಮಾಸ್ತಿಯವರ ನಾಟಕ, ಸಿ. ಆರ್. ಸಿಂಹ ಮಾಡಿದ ಸಿನಿಮಾ, 1971ರಲ್ಲಿ ಕೊನೆಯದಾಗಿ ನಡೆದ ಖೆಡ್ಡಾ, ಆಮೇಲೆ ಕಬಿನಿ ಹಿನ್ನೀರು... ಹೆಸರಿಗೆ ಮಾಯೆ ಇದೆ, ಒಪ್ಪೋಣ. ಆದ್ರೆ ಅದು ಈಗ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಕಾಡು. ವ್ಯಾಪಾರಿ ನುಗ್ಗಿ ಚೀಲಗಟ್ಟಲೆ ಬೇರು ಕೀಳೋ ಜಾಗ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನದ ಹಕ್ಕು ಕೊಟ್ಟಿದ್ದು ಕಾಡಲ್ಲಿ ಬದುಕಿದ ಜನಕ್ಕೆ. ಆ ಜೇನುಕುರುಬರು ತಮ್ಮ ಹಕ್ಕಿಗಾಗಿ ಇನ್ನೂ ಅಲೀತಾ ಇದ್ದಾರೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಕುಟುಂಬಗಳು ತಮ್ಮ ಹಳೇ ಜಾಗಕ್ಕೆ ತಾವಾಗೇ ವಾಪಸ್ ಹೋಗಿ ಕೂತಿದ್ದು ನೆನಪಿದೆಯಲ್ಲ? ಗಿಡ ಬಲ್ಲವರು ಹಾಡಿಯಲ್ಲಿ ಅರ್ಜಿ ಹಿಡಿದು ನಿಂತಿದ್ದಾರೆ, ಅವರ ಕಾಡಿನ ಹೆಸರು ಬಾಟ್ಲಿ ಮೇಲೆ ಕೂತು ಊರೂರು ಸುತ್ತುತ್ತಿದೆ. ಲೇಬಲ್ ನಿಜ ಆದ್ರೆ ಕಾನೂನಿನ ಪ್ರಶ್ನೆ, ಸುಳ್ಳಾದ್ರೆ ಮೋಸ. ಮೂರನೇ ದಾರಿ ಒಂದೇ, ಕಾಡಿನವರಿಂದ ನ್ಯಾಯವಾಗಿ ಕೊಂಡಿದ್ದೇವೆ ಅಂತ ಲೆಕ್ಕ ತೋರಿಸೋದು. ತೋರಿಸಲಿ, ನೋಡೋಣ.

ಇದಕ್ಕೆ ಬರೋ ಕಾಮೆಂಟುಗಳು ನನಗೆ ಈಗಲೇ ಕಾಣ್ತಾ ಇವೆ. "ಸುಶ್ರುತ ಸಂಹಿತೆಯಲ್ಲಿ ಸಿರಾಜ ಗ್ರಂಥಿ ಅಂತ ಇದೆ, ಅವರಿಗೆಲ್ಲ ಗೊತ್ತಿತ್ತು" ಅಂತ ಒಂದು. ಇದೆ, ಒಪ್ಪಿದೆ. ಆದ್ರೆ ಸುಶ್ರುತ ಶಸ್ತ್ರ ಹಿಡಿದ ಮನುಷ್ಯ ಸ್ವಾಮಿ, ರಕ್ತ ತೆಗೆಯೋಕೆ ಜಿಗಣೆ ಹೇಗೆ ಬಿಡಬೇಕು ಅಂತ ಒಂದು ಅಧ್ಯಾಯವನ್ನೇ ಬರೆದವನು. ಅವನ ಹೆಸರು ಹೇಳಿ ಆಪರೇಷನ್ ಬೇಡ ಅನ್ನೋದು ತಮಾಷೆ. ಇನ್ನೊಂದು, "ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ". ಚೆಸ್ಟ್‌ನಟ್ಟಿನ ಹಸಿ ಬೀಜ ವಿಷ, ಅದರಲ್ಲಿನ ಎಸ್ಕ್ಯುಲಿನ್ ತೆಗೆದ ಮೇಲೇ ಔಷಧಿ. ಒಂದೆಲಗದ ಮಾತ್ರೆಯನ್ನ ವಾರಗಟ್ಟಲೆ ತಗೊಂಡು ಯಕೃತ್ತು ಊದಿಸಿಕೊಂಡ ಮೂವರು ಹೆಂಗಸರ ವರದಿ 2005ರಲ್ಲೇ ಬಂದಿದೆ. ತಂಬುಳಿ ತಿನ್ನೋರು ಹೆದರಬೇಡಿ, ವಾರಕ್ಕೊಮ್ಮೆ ಊಟದಲ್ಲಿ ತಿನ್ನೋದಕ್ಕೂ ಸಾರ ಭಟ್ಟಿ ಇಳಿಸಿ ದಿನಾ ನುಂಗೋದಕ್ಕೂ ವ್ಯತ್ಯಾಸ ಇದೆ. ಮೂರನೇದು ನಮ್ಮ ವಿಚಾರವಾದಿ ಬಣದ್ದು, "ಹಳ್ಳಿಯವರಿಗೆ ಬುದ್ಧಿ ಇಲ್ಲ". ಇದು ಎಲ್ಲಕ್ಕಿಂತ ಕೆಟ್ಟದ್ದು. ಬ್ಯಾರನ್ ಹೊತ್ತಿಸಿರೋ ವಾರದಲ್ಲಿ ಮೈಸೂರಿಗೆ ಹೋಗಿ ಸ್ಕ್ಯಾನ್ ಸರದಿಯಲ್ಲಿ ಕೂತ್ರೆ ಸೊಪ್ಪು ಯಾರು ನೋಡ್ಕೋತಾರೆ? ಎಣ್ಣೆ ಮನೆ ಬಾಗಿಲಿಗೆ ಬರುತ್ತೆ, ಡಾಪ್ಲರ್ ಬರಲ್ಲ. ಅವರು ಸಿಗೋದನ್ನ ಕೊಳ್ತಿದ್ದಾರೆ.

ಹಾಗಾದ್ರೆ ಎಲ್ಲರೂ ಅಂಗಡಿಗೆ ಹೋಗಿ ಬಿಗಿ ಕಾಲುಚೀಲ ತಂದು ಹಾಕಿಕೊಳ್ಳಿ ಅಂತ ನಾನು ಹೇಳ್ತೀನಿ ಅಂದುಕೊಂಡ್ರೆ, ಅದೂ ಇಲ್ಲ. ನಮ್ಮದು ಹೊಗೆಸೊಪ್ಪಿನ ಸೀಮೆ, ಬೀಡಿ ಸೇದೋ ಗಂಡಸರು ಜಾಸ್ತಿ. ಹೊಗೆ ಅಪಧಮನಿಯನ್ನ, ಅಂದ್ರೆ ಕಾಲಿಗೆ ರಕ್ತ ತರೋ ಕೊಳವೆಯನ್ನ ಕಟ್ಟಿಸುತ್ತೆ. ಅಂಥ ಕಾಲನ್ನ ಬಿಗಿಯಾಗಿ ಸುತ್ತಿದ್ರೆ ಬೆರಳು ಕಪ್ಪಾಗೋ ಅಪಾಯ ಇದೆ. ಅದಕ್ಕೇ ಮೊದಲು ಕಾಲಿನ ನಾಡಿ ನೋಡಬೇಕು, ಕಾಲಿನ ಮತ್ತು ಕೈಯಿನ ರಕ್ತದೊತ್ತಡ ಹೋಲಿಸಬೇಕು. ಇದು ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ, ಕೈಯಲ್ಲಿ ಹಿಡಿಯೋ ಪುಟ್ಟ ಡಾಪ್ಲರ್ ಸಾಕು. ಗ್ರೇಡಿಂಗ್ ಮಾಡೋ ಜಾಗದಲ್ಲಿ ಎತ್ತರದ ಸ್ಟೂಲು, ಗಂಟೆಗೊಮ್ಮೆ ಐದು ನಿಮಿಷ ಓಡಾಟ, ರಾತ್ರಿ ಕಾಲಡಿ ಎರಡು ದಿಂಬು, ಇದಕ್ಕೆ ಯಾವ ಸಂಶೋಧನಾ ಪ್ರಬಂಧದ ಕೊಂಡಿಯೂ ಬೇಡ.

ಆ ಜಾಹೀರಾತಿನಲ್ಲಿದ್ದ ನಂಬರಿಗೆ ನಾನು ಮೂರು ಪ್ರಶ್ನೆ ಕಳಿಸಿದ್ದೀನಿ. ಒಂದು ಬಾಟ್ಲಿಯಲ್ಲಿ ಏಷಿಯಾಟಿಕೊಸೈಡ್ ಎಷ್ಟು ಮಿಲಿಗ್ರಾಂ? ಹಚ್ಚೋದಕ್ಕೆ ಮೊದಲು ಮತ್ತು ಆಮೇಲೆ ಡಾಪ್ಲರ್ ಮಾಡಿಸಿದ ಒಬ್ಬೇ ಒಬ್ಬ ರೋಗಿಯ ವರದಿ ಇದೆಯಾ? ಮೂಲಿಕೆ ಯಾವ ಹಾಡಿಯಿಂದ, ಕೆಜಿಗೆ ಎಷ್ಟು ಕೊಟ್ಟು ಕೊಂಡಿರಿ? ಎರಡು ನೀಲಿ ಗೆರೆ ಬಿದ್ದು ಹನ್ನೊಂದು ದಿನ ಆಯ್ತು. ಉತ್ತರ ಬಂದ್ರೆ ಒಂದಕ್ಷರ ಬದಲಿಸದೆ ಇಲ್ಲೇ ಹಾಕ್ತೀನಿ.